ಒಂದು ಪದಕ್ಕೆ ಆರು ವರ್ಷ: ಮುಖ್ಯ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಒಂದು ಇಲಾಖೆಯಿಂದ ಮತ್ತೊಂದು ಇಲಾಖೆಗೆ ಹೋಗುವ ನೌಕರರ ಬಿಡುಗಡೆ ಆದೇಶ, ಸೇವಾ ಪುಸ್ತಕ ಮತ್ತು ಹಿಂದಿನ ಸೇವೆಯ ಪರಿಗಣನೆ ಕುರಿತು.

ಮಾನ್ಯರೇ,

ನಾನು 1985ರಿಂದ 2022ರವರೆಗೆ ಈ ಸರ್ಕಾರದ ಎರಡು ಇಲಾಖೆಗಳಲ್ಲಿ ಕೆಲಸ ಮಾಡಿ ಕಚೇರಿ ಅಧೀಕ್ಷಕನಾಗಿ ನಿವೃತ್ತನಾದವನು. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯುವಂತಿರಲಿಲ್ಲ, ನಡತೆ ನಿಯಮಗಳು ಅಡ್ಡ ಬರುತ್ತಿದ್ದವು. ಈಗ ಬರೆಯಬಹುದು. ಪಿಂಚಣಿ ನಂಬಿಕೊಂಡು ಬದುಕುವವನಿಗೆ ಎಷ್ಟು ಧೈರ್ಯ ಇರಬಹುದೋ ಅಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ. ದೂರು ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕಳೆದ ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಹೆಣ್ಣುಮಗಳೊಬ್ಬರು ಮನೆ ಹುಡುಕಿಕೊಂಡು ಬಂದರು. ನನಗೆ ಗುರುತು ಹತ್ತಲಿಲ್ಲ. ‘ಸರ್, ನಾನು ಟೈಪಿಂಗ್ ಮಾಡುತ್ತಿದ್ದೆ, ಕಿಟಕಿ ಪಕ್ಕದ ಕುರ್ಚಿ’ ಎಂದಾಗ ನೆನಪಾಯಿತು. 2003ರ ಆಗಸ್ಟ್‌ನಲ್ಲಿ ನಮ್ಮ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಬಂದವರು. ಪರೀಕ್ಷೆ ಬರೆದು, ಆಯ್ಕೆಯಾಗಿ, 2009ರ ಅಕ್ಟೋಬರ್‌ನಲ್ಲಿ ಬೇರೊಂದು ಇಲಾಖೆಗೆ ಪ್ರಥಮ ದರ್ಜೆ ಸಹಾಯಕಿಯಾಗಿ ಹೋದರು. ಹೋಗುವ ದಿನ ಶಾಖೆಯವರಿಗೆಲ್ಲ ಧಾರವಾಡ ಪೇಡೆ ಹಂಚಿದ್ದರು. ನಾನು ಎರಡು ತಿಂದಿದ್ದೆ.

ಅವರು ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಮಾಹಿತಿ ಹಕ್ಕಿನಡಿ ಪಡೆದ ಕಚೇರಿ ಪ್ರತಿಯ ಜೆರಾಕ್ಸ್. ಮೂರೇ ಸಾಲಿನ ಆದೇಶ: ‘ಸದರಿಯವರು ಸಲ್ಲಿಸಿರುವ ರಾಜೀನಾಮೆಯನ್ನು ಅಂಗೀಕರಿಸಿ, ಈ ದಿನ ಅಪರಾಹ್ನ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ.’ ಕೆಳಗೆ ಬಲಕ್ಕೆ ಅಧಿಕಾರಿಯ ಸಹಿ. ಎಡಮೂಲೆಯಲ್ಲಿ ಕರಡು ಬರೆದ ವಿಷಯ ನಿರ್ವಾಹಕನ, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತನ, ಚಿಕ್ಕ ರುಜು. ಆ ರುಜು ನನ್ನದು.

ಮಾನ್ಯರೇ, ಆ ಮೂರು ಸಾಲಿನಲ್ಲಿ ಏನು ತಪ್ಪಿದೆ ಎಂದು ತಮಗೆ ವಿವರಿಸಬೇಕಾಗಿಲ್ಲ. ಆದರೆ ಇದು ಬಹಿರಂಗ ಪತ್ರವಾದ್ದರಿಂದ ಓದುವ ಇತರರಿಗಾಗಿ ಹೇಳುತ್ತೇನೆ. ನಮ್ಮ ನಾಗರಿಕ ಸೇವಾ ನಿಯಮಗಳಲ್ಲಿ 252 ಎಂಬ ನಿಯಮ ಇದೆ. ಅದರ (ಎ) ಖಂಡದ ಪ್ರಕಾರ ಸೇವೆಗೆ ರಾಜೀನಾಮೆ ಕೊಟ್ಟವನ ಹಿಂದಿನ ಸೇವೆಯೆಲ್ಲ ಮುಟ್ಟುಗೋಲು. (ಬಿ) ಖಂಡ ಬೇರೆ ಮಾತು ಹೇಳುತ್ತದೆ. ಸೂಕ್ತ ಅನುಮತಿ ಪಡೆದು, ಸೇವೆ ಲೆಕ್ಕಕ್ಕೆ ಬರುವಂಥ ಇನ್ನೊಂದು ಹುದ್ದೆಗೆ ಹೋಗಲೆಂದು ಇರುವ ಹುದ್ದೆಯನ್ನು ಬಿಟ್ಟರೆ, ಅದು ಸರ್ಕಾರಿ ಸೇವೆಗೆ ಕೊಟ್ಟ ರಾಜೀನಾಮೆ ಎನಿಸುವುದಿಲ್ಲ. ಅಡುಗೆ ಮನೆಯಿಂದ ಎದ್ದು ಪಡಸಾಲೆಗೆ ಬಂದವನನ್ನು ಮನೆ ಬಿಟ್ಟು ಹೋದವನೆಂದು ಯಾರೂ ಕರೆಯುವುದಿಲ್ಲವಲ್ಲ, ಅಷ್ಟೇ ವಿಷಯ. ಆದರೆ ಬಿಡುಗಡೆ ಆದೇಶದಲ್ಲಿ ‘252(ಬಿ) ಅನ್ವಯ’ ಎಂಬ ಪದ ಇರಬೇಕು. ಇದ್ದರೆ ಆ ಮನುಷ್ಯನ ವೇತನ, ಗಳಿಕೆ ರಜೆ, ಪಿಂಚಣಿಯ ಅರ್ಹ ಸೇವೆ ಎಲ್ಲವೂ ಅವನ ಬೆನ್ನಹಿಂದೆ ಬರುತ್ತವೆ. ಇಲ್ಲದಿದ್ದರೆ ಅವನು ಹೊಸ ಇಲಾಖೆಯ ಬಾಗಿಲಲ್ಲಿ ಅಂದು ಹುಟ್ಟಿದ ಕೂಸು.

ನಾನೇಕೆ ಆ ಪದ ಬರೆಯಲಿಲ್ಲ? ದ್ವೇಷ ಇರಲಿಲ್ಲ, ಸೋಮಾರಿತನವೂ ಅಲ್ಲ. ನನ್ನ ಮೇಜಿನ ಬಲಗಡೆಯ ಖಾನೆಯಲ್ಲಿ ಹಳೆಯ ಆದೇಶಗಳ ಮಾದರಿಗಳ ಒಂದು ಕಟ್ಟು ಇತ್ತು. ಪ್ರತಿಯೊಬ್ಬ ವಿಷಯ ನಿರ್ವಾಹಕನ ಬಳಿಯೂ ಇಂಥದೊಂದು ಕಟ್ಟು ಇರುತ್ತದೆ. ಅಧಿಕಾರಿಗಳು ಬದಲಾದರೂ, ಮಂತ್ರಿಗಳು ಬದಲಾದರೂ ಸರ್ಕಾರ ನಡೆಯುವುದು ಆ ಕಟ್ಟಿನಿಂದ. ಅದರಲ್ಲಿ ರಾಜೀನಾಮೆಗೆ ಇದ್ದದ್ದು ಒಂದೇ ಮಾದರಿ. ಕೆಲಸ ಬಿಟ್ಟು ಊರಲ್ಲಿ ಅಕ್ಕಿ ಗಿರಣಿ ಹಾಕಿದ ಒಬ್ಬ ಗುಮಾಸ್ತನಿಗೆ ಹೊರಡಿಸಿದ್ದ ಆದೇಶ ಅದು. ಹೆಸರು ಬದಲಿಸಿದೆ, ದಿನಾಂಕ ಬದಲಿಸಿದೆ, ‘ಸಹಿಗಾಗಿ ಮಂಡಿಸಿದೆ’ ಎಂದು ಬರೆದು ಮೇಲಕ್ಕೆ ಕಳಿಸಿದೆ. ಅಧೀಕ್ಷಕರು ನೋಡಿದರು, ವ್ಯವಸ್ಥಾಪಕರು ನೋಡಿದರು, ಅಧಿಕಾರಿ ಸಹಿ ಮಾಡಿದರು. ನಾಲ್ಕು ಜೊತೆ ಕಣ್ಣುಗಳು ಒಂದು ಪದ ಇಲ್ಲದ್ದನ್ನು ಕಾಣಲಿಲ್ಲ.

ಇನ್ನು ಆ ಪದದ ಬೆಲೆ. ರಾಜ್ಯದಲ್ಲಿ 2006ರ ಏಪ್ರಿಲ್ 1ರಂದು ಮತ್ತು ಆನಂತರ ಸೇವೆಗೆ ಸೇರಿದವರಿಗೆ ಸಂಬಳದಿಂದ ವಂತಿಗೆ ಕಟ್ಟಿಸಿಕೊಳ್ಳುವ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್, ಅದಕ್ಕೆ ಮೊದಲು ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ. ಈ ಹೆಣ್ಣುಮಗಳು ಸೇರಿದ್ದು 2003ರಲ್ಲಿ. ಆದರೆ ನನ್ನ ಆದೇಶದ ಪ್ರಕಾರ ಅವರು 2009ರಲ್ಲಿ ಸರ್ಕಾರವನ್ನೇ ತೊರೆದು ಹೋಗಿ, ಮಾರನೆಯ ದಿನ ಅದೇ ಸರ್ಕಾರಕ್ಕೆ ಹೊಸದಾಗಿ ಬಂದಿದ್ದಾರೆ. ಆದ್ದರಿಂದ ಎನ್‌ಪಿಎಸ್. ಎಷ್ಟೋ ವರ್ಷ ಅವರು ಇದನ್ನು ಹಣೆಬರಹ ಎಂದುಕೊಂಡು ಸುಮ್ಮನಿದ್ದರಂತೆ. 2024ರ ಜನವರಿಯಲ್ಲಿ ಸರ್ಕಾರ ಒಂದು ಒಳ್ಳೆಯ ಆದೇಶ ಹೊರಡಿಸಿತು: 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ಸೇರುವುದು ಮಾತ್ರ ತಡವಾದವರಿಗೆ ಹಳೆಯ ಪಿಂಚಣಿಗೆ ಬರಲು ಅವಕಾಶ. ಅವರ ಪಕ್ಕದ ಮೇಜಿನ ಸಹೋದ್ಯೋಗಿ, 2007ರಲ್ಲಿ ಮೊದಲ ಬಾರಿಗೆ ಸರ್ಕಾರಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು, ಈ ಆದೇಶದಡಿ ಅರ್ಜಿ ಕೊಟ್ಟರು. ‘ಅವರಿಗಿಂತ ನಾಲ್ಕು ವರ್ಷ ಮೊದಲು ಸೇರಿದವಳು ನಾನು, ನನಗೂ ಸಿಗಬೇಕಲ್ಲ ಸರ್’ ಎಂದು ಇವರೂ ಕಾಗದ ಹಾಕಿದರು. ಬಂದ ಉತ್ತರ: ತಮ್ಮ ಸೇವೆ 2009ರಿಂದ ಆರಂಭವಾಗಿರುತ್ತದೆ.

ಆಗ ಅವರು ಹಳೆಯ ಕಚೇರಿಗೆ ಹೋಗಿ ಆದೇಶಕ್ಕೆ ತಿದ್ದುಪಡಿ ಕೇಳಿದರು. ಪರೀಕ್ಷೆ ಬರೆಯಲು ಅನುಮತಿ ನೀಡಿದ ಜ್ಞಾಪನದ ಪ್ರತಿ ಅವರ ಬಳಿಯೇ ಇತ್ತು. ಹದಿನೈದು ವರ್ಷ ಅದನ್ನು ಮದುವೆಯ ಫೋಟೋಗಳ ಜೊತೆ ಕಾಪಾಡಿದ್ದಾರೆ. ಕಚೇರಿಯ ಉತ್ತರ ಹೀಗಿತ್ತು: ಅನುಮತಿಯ ಮೂಲ ಕಡತ ‘ಸಿ’ ವರ್ಗದ್ದಾಗಿದ್ದು, ಅವಧಿ ಮುಗಿದ ಕಾರಣ ನಾಶಪಡಿಸಲಾಗಿದೆ, ಆದುದರಿಂದ ಕೋರಿಕೆಯನ್ನು ಪರಿಶೀಲಿಸಲು ಅವಕಾಶವಿಲ್ಲ. ನಾಶವಾದ ಕಡತ ನೌಕರಳ ವಿರುದ್ಧ ಸಾಕ್ಷಿ ಹೇಳಿತು. ಆದೇಶಗಳ ಕಟ್ಟಿನಲ್ಲಿದ್ದ ನನ್ನ ಮೂರು ಸಾಲು ಮಾತ್ರ ಶಾಶ್ವತವಾಗಿ ಉಳಿದಿದೆ.

‘ಯಾರು ಬರೆದದ್ದು ಎಂದು ಗೊತ್ತಾದ ಮೇಲೆ ಬೈಯಬೇಕೆಂದು ಬಂದೆ ಸರ್’ ಎಂದರು. ಬೈಯಲಿಲ್ಲ. ಕಾಫಿ ಕುಡಿದು, ಏನಾದರೂ ದಾರಿ ಇದೆಯೇ ಎಂದು ಕೇಳಿ ಹೋದರು. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಇದು ನಾನು ಮಾಡಿದ್ದು. ನನಗೆ ಆದದ್ದನ್ನೂ ಹೇಳಬೇಕು, ಏಕೆಂದರೆ ಕಷ್ಟ ಪಟ್ಟವನೇ ಕಷ್ಟ ಕೊಡುವವನಾಗುವುದು ಹೇಗೆ ಎಂದು ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. 1992ರಲ್ಲಿ ನಾನು ಶಿಕಾರಿಪುರದಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೆ. ಬೇರೆ ಇಲಾಖೆಗೆ ಪ್ರಥಮ ದರ್ಜೆಗೆ ಆಯ್ಕೆಯಾಗಿ ಹಿರೇಕೆರೂರಿಗೆ ಹೋದೆ. ಒಂದು ಶಿವಮೊಗ್ಗ ಜಿಲ್ಲೆ, ಇನ್ನೊಂದು ಅಂದಿನ ಧಾರವಾಡ ಜಿಲ್ಲೆ. ಆದರೆ ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿವೆ. ನನ್ನ ಬಿಡುಗಡೆ ಆದೇಶ ಸರಿಯಾಗಿತ್ತು, ಅದನ್ನು ಬರೆದ ಪುಣ್ಯಾತ್ಮರಿಗೆ ನಿಯಮ ಗೊತ್ತಿತ್ತು. ಬರಬೇಕಾಗಿದ್ದುದು ನೌಕರನ ನೇಮಕ, ವೇತನ, ರಜೆಯೆಲ್ಲ ದಾಖಲಾಗುವ ಸೇವಾ ಪುಸ್ತಕ.

ಸೇವಾ ಪುಸ್ತಕ ಬಾರದೆ ಹೊಸ ಕಚೇರಿಯಲ್ಲಿ ವೇತನ ನಿಗದಿ ಮಾಡುವುದಿಲ್ಲ. ಹಿಂದಿನ ವೇತನಕ್ಕೆ ರಕ್ಷಣೆ ಇದೆ ಎಂದು ನಿಯಮ ಹೇಳಿದರೂ, ಹಿಂದಿನ ವೇತನ ಎಷ್ಟಿತ್ತು ಎಂದು ಹೇಳಬೇಕಾದ್ದು ಆ ಪುಸ್ತಕ. ಕೊನೆಯ ವೇತನ ಪ್ರಮಾಣ ಪತ್ರ ಕೈಯಲ್ಲಿ ಇತ್ತು, ಆದರೂ ‘ಎಸ್ಆರ್ (ಸೇವಾ ಪುಸ್ತಕ) ಬರಲಿ, ಎಲ್ಲ ಸೇರಿಸಿ ಮಾಡೋಣ’ ಎಂದರು. ಅಷ್ಟರವರೆಗೆ ಹೊಸ ಹುದ್ದೆಯ ಕನಿಷ್ಠ ಮೂಲ ವೇತನ. ಹಳೆಯ ಕಚೇರಿಗೆ ಹೋದರೆ ರವಾನೆ ವಹಿಯಲ್ಲಿ ಸಂಖ್ಯೆ ಸಮೇತ ತೋರಿಸುತ್ತಿದ್ದರು: ಕಳುಹಿಸಲಾಗಿದೆ. ಹೊಸ ಕಚೇರಿಯ ಸ್ವೀಕೃತಿ ವಹಿಯಲ್ಲಿ ಇಲ್ಲ. ನೆನಪೋಲೆ ಬರೆದೆ, ಮತ್ತೆ ಬರೆದೆ. ಎರಡು ಕಚೇರಿಗಳೂ ತಮ್ಮ ತಮ್ಮ ವಹಿಯ ಪ್ರಕಾರ ಸರಿ ಇದ್ದವು. ತಪ್ಪು ಇರಬೇಕಾದ್ದು ನನ್ನಲ್ಲೇ ಎಂಬಂತೆ ನೋಡುತ್ತಿದ್ದವು.

14 ತಿಂಗಳ ನಂತರ ಪುಸ್ತಕ ಸಿಕ್ಕಿತು. ಹಿರೇಕೆರೂರಿಗೆ ಬರಬೇಕಿದ್ದ ಲಕೋಟೆ ಹಿರಿಯೂರಿಗೆ ಹೋಗಿತ್ತು. ಅಲ್ಲಿಯ ಅದೇ ಇಲಾಖೆಯ ಕಚೇರಿಯಲ್ಲಿ, ‘ಈ ಹೆಸರಿನ ನೌಕರರು ಇನ್ನೂ ಹಾಜರಾಗಿಲ್ಲ’ ಎಂಬ ಷರಾದೊಂದಿಗೆ ಕಪಾಟಿನಲ್ಲಿ ಭದ್ರವಾಗಿತ್ತು. ನಾನು ಬರುವೆನೆಂದು ಕಾಯುತ್ತಿದ್ದರಂತೆ. ಒಂದು ದಿನ ರಜೆ ಹಾಕಿ ಹೋಗಿ ಮುದ್ದಾಂ ತಂದೆ. ಕಪ್ಪು ರಟ್ಟಿನ ಆ ಪುಸ್ತಕವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಮೊದಲ ಪುಟದಲ್ಲಿದ್ದ ನನ್ನ ಹೆಬ್ಬೆರಳ ಗುರುತನ್ನು ಚಿತ್ರದುರ್ಗ ದಾಟುವವರೆಗೂ ನೋಡುತ್ತಿದ್ದೆ. ನೌಕರನ ಕೈಗೆ ಸೇವಾ ಪುಸ್ತಕ ಕೊಡಬಾರದೆಂಬ ಪದ್ಧತಿ ಅಂದೂ ಇತ್ತು. ಕೊಟ್ಟ ಆ ಹಿರಿಯರು ಸಣ್ಣ ತಪ್ಪು ಮಾಡಿ ದೊಡ್ಡ ಉಪಕಾರ ಮಾಡಿದರು.

ಇದು ಹಳೆಯ ಕಥೆ, ಈಗ ಎಲ್ಲ ಗಣಕೀಕೃತ ಎಂದು ತಮ್ಮ ಅಧೀನ ಕಾರ್ಯದರ್ಶಿಗಳು ಟಿಪ್ಪಣಿ ಬರೆಯಬಹುದು. ನಿಜ, ಸಂಬಳದ ಬಿಲ್ಲು ನೌಕರರ ಗಣಕ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ ತಯಾರಾಗುತ್ತದೆ, ಖಜಾನೆ-2 ಎಂಬ ತಂತ್ರಾಂಶದಲ್ಲಿ ಹಣ ಬಟವಾಡೆಯಾಗುತ್ತದೆ. ನೌಕರನ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಸಂಖ್ಯೆ ಅವನು ಎಲ್ಲಿಗೆ ಹೋದರೂ ಅದೇ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಆರಂಭವಾದ ಆ ವಿಮಾ ಇಲಾಖೆಗೆ, ಬೇರೆ ಇಲಾಖೆಗೆ ಹೋದ ಗುಮಾಸ್ತ ಅದೇ ಗುಮಾಸ್ತ ಎಂಬುದರಲ್ಲಿ ಸಂಶಯವೇ ಇಲ್ಲ. ವಿಮಾ ಕಂತನ್ನು ಒಂದು ತಿಂಗಳೂ ಬಿಡದೆ ಮುರಿದುಕೊಳ್ಳುತ್ತದೆ. ಕೊಡುವ ಲೆಕ್ಕದಲ್ಲಿ ಅವನು ಹಳಬ, ಪಡೆಯುವ ಲೆಕ್ಕದಲ್ಲಿ ಹೊಸಬ. ನಾನು ನಿವೃತ್ತನಾಗುವ ವರ್ಷದಲ್ಲೂ ಕಾಗದದ ಸೇವಾ ಪುಸ್ತಕಕ್ಕಾಗಿ ಎರಡು ಜಿಲ್ಲೆಗಳ ನಡುವೆ ಓಡಾಡುತ್ತಿದ್ದ ಹುಡುಗರನ್ನು ಕಂಡಿದ್ದೇನೆ. ಯಂತ್ರದಲ್ಲಿ ಹೆಸರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಬಂದಿರುತ್ತದೆ, ಆದರೆ ಯಂತ್ರವನ್ನು ನಂಬಲು ಲೆಕ್ಕ ಪರಿಶೋಧನೆಯವರ ಭಯ. ‘ಆಡಿಟ್‌ನವರು ಕೇಳಿದರೆ?’ ಎಂಬ ಎರಡು ಪದ ನಮ್ಮ ಕಚೇರಿಗಳಲ್ಲಿ ಎಷ್ಟು ನ್ಯಾಯವಾದ ಕೆಲಸಗಳನ್ನು ನಿಲ್ಲಿಸಿವೆಯೋ, ಲೆಕ್ಕವಿಟ್ಟವರಿಲ್ಲ.

ಕಾಲಮಿತಿಯ ಮಾತಿಗೆ ಬರುತ್ತೇನೆ. ನಾಗರಿಕರಿಗೆ ಸೇವೆಗಳನ್ನು ಖಾತರಿಪಡಿಸುವ ಅಧಿನಿಯಮವನ್ನು ರಾಜ್ಯ 2011ರಲ್ಲಿ ತಂದಿತು. ಸಕಾಲ ಎಂದು ಹಳ್ಳಿಯ ಅಜ್ಜಿಗೂ ಗೊತ್ತು. ಜಾತಿ ಪ್ರಮಾಣ ಪತ್ರಕ್ಕೆ 21 ದಿನ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರರಿಗೆ ಪರಿಹಾರ. ಆ ಪ್ರಮಾಣ ಪತ್ರವನ್ನು ಗಡುವಿನೊಳಗೆ ಕೊಡಲೆಂದು ರಾತ್ರಿ ಎಂಟರವರೆಗೆ ಕೂರುವ ಗುಮಾಸ್ತನ ಸ್ವಂತ ಸೇವಾ ಪುಸ್ತಕ ಹಳೆಯ ಇಲಾಖೆಯಿಂದ ಯಾವಾಗ ಬರುತ್ತದೆಂದು ಕೇಳಿದರೆ ಗೋಡೆಯ ಮೇಲಿನ ಯಾವ ಫಲಕದಲ್ಲೂ ಉತ್ತರ ಇರುವುದಿಲ್ಲ. ಬಿಡುಗಡೆ ಆದೇಶ ಕೊಟ್ಟ ದಿನದಿಂದ ಇಷ್ಟು ದಿನದಲ್ಲಿ ಪುಸ್ತಕ ತಲುಪದಿದ್ದರೆ ಯಾರು ಹೊಣೆ ಎಂದು ಬರೆದ ಒಂದು ಹಾಳೆಯನ್ನು ನನ್ನ ಸೇವಾವಧಿಯಲ್ಲಿ ನನ್ನ ಮೇಜಿನ ಮೇಲೆ ನಾನು ಕಂಡಿಲ್ಲ.

ಅನುಮತಿಯ ವಿಷಯ ಇನ್ನೂ ಸಿಕ್ಕು. 252(ಬಿ) ಅನ್ವಯವಾಗಲು ‘ಸೂಕ್ತ ಅನುಮತಿ’ ಬೇಕು. ಇಂದಿನ ಹುಡುಗರು ಒಂದೇ ವರ್ಷದಲ್ಲಿ ನಾಲ್ಕು ಅಧಿಸೂಚನೆಗಳಿಗೆ ಅರ್ಜಿ ಹಾಕಿರುತ್ತಾರೆ. ಅರ್ಜಿಯಿಂದ ಅಂತಿಮ ಆಯ್ಕೆ ಪಟ್ಟಿಯವರೆಗೆ ವರ್ಷಗಳೇ ಹಿಡಿಯುತ್ತವೆ, ಅದಕ್ಕೆ ಅವರು ಹೊಣೆಯಲ್ಲ. ಮೊದಲು ಬಂದ ಕೆಲಸಕ್ಕೆ ಸೇರಿಕೊಳ್ಳುತ್ತಾರೆ. ಎರಡು ವರ್ಷದ ನಂತರ ಹಳೆಯ ಅರ್ಜಿಯ ಫಲ ಬರುತ್ತದೆ. ಆಗ ವಿಷಯ ನಿರ್ವಾಹಕ ಕೇಳುತ್ತಾನೆ: ಅರ್ಜಿ ಹಾಕುವಾಗ ನಮ್ಮ ಅನುಮತಿ ಪಡೆದಿದ್ದೀರಾ? ಅರ್ಜಿ ಹಾಕುವಾಗ ಆ ಹುಡುಗ ಸರ್ಕಾರಿ ನೌಕರನೇ ಆಗಿರಲಿಲ್ಲ. ಯಾರ ಅನುಮತಿ ಪಡೆಯಬೇಕಿತ್ತು, ತಾಯಿಯದೇ? ಇನ್ನು ಸೇವೆಯಲ್ಲಿದ್ದುಕೊಂಡೇ ನಿರಾಕ್ಷೇಪಣಾ ಪತ್ರ ಕೇಳಿದವರ ಅರ್ಜಿಗಳು ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೂ ‘ಪರಿಶೀಲನೆಯಲ್ಲಿ’ ಇರುವುದನ್ನು ನೋಡಿದ್ದೇನೆ. ಸಿಬ್ಬಂದಿ ಕೊರತೆ ಇರುವ ಕಚೇರಿಯ ಮುಖ್ಯಸ್ಥರಿಗೆ ಒಳ್ಳೆಯ ಗುಮಾಸ್ತನನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಅದು ಮನುಷ್ಯ ಸಹಜ. ಆದರೆ ಒಳ್ಳೆಯವನಾಗಿದ್ದಕ್ಕೆ ಅವನಿಗೆ ಇದು ಶಿಕ್ಷೆಯಾಗುತ್ತದೆ.

ಕೇಂದ್ರ ಸರ್ಕಾರದ ಸಿಬ್ಬಂದಿ ಇಲಾಖೆ 2016ರ ಆಗಸ್ಟ್ 17ರಂದು ಒಂದು ಜ್ಞಾಪನ ಹೊರಡಿಸಿದೆ. ಇಂಥ ರಾಜೀನಾಮೆಯನ್ನು ಅಲ್ಲಿ ‘ತಾಂತ್ರಿಕ ರಾಜೀನಾಮೆ’ ಎನ್ನುತ್ತಾರೆ. ಅದು ಒಂದು ವಿಧಿ ಮಾತ್ರ, ಸೇವೆಯ ಕೊನೆ ಅಲ್ಲ ಎಂಬುದು ಅದರ ಮೊದಲ ಮಾತು. ರಜೆ, ವೇತನ, ಪಿಂಚಣಿ, ಹಳೆಯ ಹುದ್ದೆಯ ಮೇಲಿನ ಲೀನ್ (ಹಿಂದಿರುಗುವ ಹಕ್ಕು) ಎಲ್ಲವನ್ನೂ ಒಂದೇ ಕಡೆ ತಂದಿದ್ದಾರೆ. ಹೊಸ ಕೆಲಸ ಒಗ್ಗದಿದ್ದರೆ ಎರಡು ವರ್ಷದೊಳಗೆ ಹಿಂದಿರುಗಬಹುದು, ಅಪರೂಪದ ಸಂದರ್ಭದಲ್ಲಿ ಇನ್ನೊಂದು ವರ್ಷ. ಸೇವೆಗೆ ಸೇರುವ ಮೊದಲೇ ಅರ್ಜಿ ಹಾಕಿದ್ದವರ ಸಂಗತಿಯೂ ಅದರಲ್ಲಿದೆ. ಸೇರುವಾಗ ಆ ವಿಷಯ ತಿಳಿಸಿದ್ದರೆ ಅವರಿಗೂ ಈ ಸೌಲಭ್ಯ ಉಂಟು. ಅದನ್ನು ಓದಿದಾಗ ನನಗೆ ಅಸೂಯೆಯಾಯಿತು. ನಮ್ಮಲ್ಲಿ ಈ ಸಂಗತಿಗಳು ಪಿಂಚಣಿಯ ಅಧ್ಯಾಯದಲ್ಲಿ ಒಂದಿಷ್ಟು, ರಜೆಯ ಅಧ್ಯಾಯದಲ್ಲಿ ಒಂದಿಷ್ಟು, ವೇತನ ನಿಗದಿಯ ನಿಯಮಗಳಲ್ಲಿ ಒಂದಿಷ್ಟು, ಆರ್ಥಿಕ ಇಲಾಖೆಯ ಸುತ್ತೋಲೆಗಳಲ್ಲಿ ಉಳಿದಷ್ಟು. ಎಲ್ಲವನ್ನೂ ಬಲ್ಲ ವಿಷಯ ನಿರ್ವಾಹಕ ಇದ್ದರೆ ನೌಕರನ ಅದೃಷ್ಟ.

ಒಂದು ಮಾತನ್ನು ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಸ್ವಂತ ಕೋರಿಕೆಯ ಮೇಲೆ ಸಮಾನ ಹುದ್ದೆಗೆ ವರ್ಗವಾಗಿ ಹೋಗುವವರು ಹೊಸ ಘಟಕದ ಜ್ಯೇಷ್ಠತಾ ಪಟ್ಟಿಯಲ್ಲಿ ಕೊನೆಗೆ ನಿಲ್ಲಬೇಕು ಎಂಬುದು ಸರಿ. 1957ರ ಜ್ಯೇಷ್ಠತಾ ನಿಯಮಗಳು ಹೇಳುವುದು ಅದನ್ನೇ: ಸಾರ್ವಜನಿಕ ಹಿತಾಸಕ್ತಿಯಿಂದ ಸರ್ಕಾರವೇ ಕಳಿಸಿದರೆ ಜ್ಯೇಷ್ಠತೆ ಉಳಿಯುತ್ತದೆ, ತಾನಾಗಿ ಕೇಳಿ ಹೋದರೆ ಹೋಗುತ್ತದೆ. ಹತ್ತು ವರ್ಷದಿಂದ ಸರದಿಯಲ್ಲಿ ನಿಂತವರ ಮುಂದೆ ಪಕ್ಕದ ಊರಿನವನು ಬಂದು ನಿಂತರೆ ಯಾರು ಸುಮ್ಮನಿರುತ್ತಾರೆ? ನೌಕರರ ಸಂಘದ ಸ್ನೇಹಿತರು ನನ್ನ ಈ ಮಾತಿಗೆ ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ. ನನ್ನ ತಕರಾರು ಬೇರೆ. ಕಚೇರಿಗಳು ಜ್ಯೇಷ್ಠತೆಯನ್ನೂ ಸೇವೆಯನ್ನೂ ಒಂದೇ ಎಂದು ತಿಳಿದಿವೆ. ಸರದಿಯಲ್ಲಿ ಕೊನೆಗೆ ನಿಂತವನು ಇಷ್ಟು ವರ್ಷ ದುಡಿದೇ ಇಲ್ಲ ಎಂದು ಅರ್ಥವಲ್ಲ. ಪುಣೆಯ ಸೇನಾ ಉಗ್ರಾಣದಿಂದ ಸ್ವಂತ ಕೋರಿಕೆಯ ಮೇಲೆ ಕೊಚ್ಚಿಗೆ ಹೋದ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲೇ ಇದನ್ನು ಬಿಡಿಸಿ ಹೇಳಿದೆ: ಜ್ಯೇಷ್ಠತೆ ಹೋದರೂ ಬಡ್ತಿಯ ಅರ್ಹತೆಗೆ ಬೇಕಾದ ಅನುಭವದ ಲೆಕ್ಕದಲ್ಲಿ ಹಿಂದಿನ ಸೇವೆ ಅಳಿದು ಹೋಗುವುದಿಲ್ಲ. ಆ ತೀರ್ಪು ಬಂದು ಕಾಲು ಶತಮಾನ ದಾಟಿತು. ಆದರೂ ಪ್ರತಿಯೊಬ್ಬ ನೌಕರನೂ ತನ್ನ ಪಾಲಿನ ತೀರ್ಪನ್ನು ತಾನೇ ತರಬೇಕು ಎಂಬಂತೆ ಆಡಳಿತ ನ್ಯಾಯಮಂಡಳಿಯ ದಾರಿ ತೋರಿಸುತ್ತೇವೆ. ಗುಮಾಸ್ತನೊಬ್ಬನಿಗೆ ಬೆಂಗಳೂರಿಗೋ ಬೆಳಗಾವಿಗೋ ಕಲಬುರಗಿಗೋ ಹೋಗಿ ವಕೀಲರನ್ನು ಹಿಡಿಯುವ ಖರ್ಚು ಎಷ್ಟೆಂದು ತಮಗೆ ಗೊತ್ತಿಲ್ಲದ್ದಲ್ಲ.

ನಿಯೋಜನೆಯ, ಅಂದರೆ ತಾತ್ಕಾಲಿಕವಾಗಿ ಬೇರೆ ಇಲಾಖೆಗೆ ಕಳುಹಿಸುವುದರ, ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾತೃ ಇಲಾಖೆಯ ಮುಖ ಮರೆತು, ಅನ್ಯ ಇಲಾಖೆಯಲ್ಲಿ ಬೇರು ಬಿಟ್ಟು ಕುಳಿತವರು ಯಾರು, ಅವರ ಹಿಂದೆ ಯಾವ ಶಿಫಾರಸು ಪತ್ರ ಇದೆ ಎಂಬುದು ಪ್ರತಿ ಜಿಲ್ಲಾ ಕೇಂದ್ರದ ಕ್ಯಾಂಟೀನಿನಲ್ಲಿ ತಿಳಿಯುತ್ತದೆ. ಅವರ ಕಡತಗಳು ಒಂದೇ ದಿನದಲ್ಲಿ ಮೂರು ಮಹಡಿ ಏರಿ ಇಳಿಯುವುದನ್ನು ಕಂಡ ಮೇಲೆ, ನಿಯಮ ಕಷ್ಟವಾದ್ದರಿಂದ ಉಳಿದವರದು ತಡವಾಗುತ್ತದೆ ಎಂಬ ವಾದವನ್ನು ನಾನು ನಂಬುವುದಿಲ್ಲ. ಶಿಕ್ಷಕರ ವರ್ಗಾವಣೆಗೆ 2007ರಲ್ಲೇ ಅಧಿನಿಯಮ ಬಂತು, 2020ರಲ್ಲಿ ಹೊಸದು ಬಂತು. ಅದರ ಕೌನ್ಸೆಲಿಂಗ್ ಬಗ್ಗೆ ಶಿಕ್ಷಕರಿಗೆ ನೂರು ದೂರುಗಳಿವೆ, ಆದರೆ ತನ್ನ ಅರ್ಜಿ ಎಲ್ಲಿದೆ ಎಂದು ಶಿಕ್ಷಕಿಗೆ ಗೊತ್ತಿರುತ್ತದೆ. ಲಿಪಿಕ ನೌಕರರಿಗೆ ಅಷ್ಟೂ ಇಲ್ಲ.

ಹಾಗೆಯೇ ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದವರು. ಅಪಘಾತದಲ್ಲಿ ಕಣ್ಣಿಗೆ ಪೆಟ್ಟಾದ ಚಾಲಕರೊಬ್ಬರನ್ನು ಅದೇ ವೇತನದಲ್ಲಿ ಬೇರೆ ಕೆಲಸಕ್ಕೆ ಹಾಕಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು. ನಮ್ಮ 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲೂ ಇಂಥವರನ್ನು ಬೇರೆಡೆಗೆ ವರ್ಗಾಯಿಸಲು ದಾರಿ ಇದೆ. ನನಗೆ ಗೊತ್ತಿದ್ದ ಒಬ್ಬ ಚಾಲಕರು ಎರಡು ವರ್ಷ ಕಚೇರಿಯ ಬೆಂಚಿನ ಮೇಲೆ ಕುಳಿತು, ಇಂದು ಆದೇಶ ಬರಬಹುದು ಎಂದು ಬಾಗಿಲು ನೋಡುತ್ತಿದ್ದರು. ಇರುವ ಒಂದು ಕಣ್ಣಿನಿಂದ.

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆಗಳು. ದೊಡ್ಡವೇನಲ್ಲ, ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಡ, ತಮ್ಮ ಒಂದು ಸುತ್ತೋಲೆ ಸಾಕು.

ಮೊದಲನೆಯದಾಗಿ ಬಿಡುಗಡೆ ಆದೇಶದ ನಮೂನೆಯನ್ನು ತಾವೇ ನಿಗದಿಪಡಿಸಿ ಎಲ್ಲ ಇಲಾಖೆಗಳಿಗೂ ಕಳುಹಿಸಬೇಕು. ಅಧಿಕಾರಿಗಳಿಗೆ ಕಳುಹಿಸಿದರೆ ಅದು ಅವರ ಮೇಜಿನ ಗಾಜಿನ ಕೆಳಗೆ ಉಳಿಯುತ್ತದೆ, ವಿಷಯ ನಿರ್ವಾಹಕನ ಖಾನೆಯೊಳಗಿನ ಆ ಕಟ್ಟಿಗೆ ತಲುಪಬೇಕು. ಅದರಲ್ಲಿ ಅನುಮತಿಯ ಸಂಖ್ಯೆ, ದಿನಾಂಕ, 252(ಬಿ) ಎಂಬ ಉಲ್ಲೇಖ ಅಚ್ಚಾಗಿಯೇ ಇರಲಿ. ಅನ್ವಯಿಸುವುದಿಲ್ಲ ಎಂದಾದರೆ ಏಕೆಂದು ಕಾರಣ ಬರೆದು ಸಹಿ ಮಾಡಲಿ. ಈಗ ಮರೆತರೆ ನಷ್ಟ ನೌಕರನಿಗೆ. ಆಗ ನಷ್ಟ ಮಾಡಬೇಕಾದರೆ ಕೈಯಾರೆ ಬರೆದೇ ಮಾಡಬೇಕಾಗುತ್ತದೆ.

ಸೇವಾ ಪುಸ್ತಕಕ್ಕೂ ಕೊನೆಯ ವೇತನ ಪ್ರಮಾಣ ಪತ್ರಕ್ಕೂ 30 ದಿನದ ಗಡುವು ಹಾಕಿ, ಸಕಾಲದಂತೆಯೇ ಸಂಖ್ಯೆ ಕೊಡಿ. ಬಿಡುಗಡೆಯ ದಿನವೇ ಪುಸ್ತಕದ ದೃಢೀಕೃತ ಪ್ರತಿಯನ್ನು ನೌಕರನ ಕೈಗೆ ಕೊಟ್ಟು, ಮೂಲ ಬರುವವರೆಗೆ ಅದರ ಆಧಾರದ ಮೇಲೆ ವೇತನ ನಿಗದಿ ಮಾಡಲು ಹೊಸ ಕಚೇರಿಗೆ ಅಧಿಕಾರ ಇರಲಿ. ನಿರಾಕ್ಷೇಪಣಾ ಪತ್ರದ ಅರ್ಜಿಗೆ ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ಅನುಮತಿ ನೀಡಿದಂತೆ ಎಂದು ಭಾವಿಸತಕ್ಕದ್ದು. ಸೇವೆಗೆ ಸೇರುವ ಮೊದಲೇ ಅರ್ಜಿ ಹಾಕಿದ್ದವರಿಗೆ, ಕೇಂದ್ರ ಮಾಡಿರುವಂತೆ, ಸೇರುವಾಗ ಒಂದು ಘೋಷಣೆ ಪಡೆದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ತಪ್ಪುಗಳ ತಿದ್ದುಪಡಿ. ಒಂದು ಇಲಾಖೆಯಿಂದ ಬಿಡುಗಡೆಯಾಗಿ ವಿರಾಮವಿಲ್ಲದೆ ಮತ್ತೊಂದು ಇಲಾಖೆಗೆ ಹಾಜರಾದವರ ಆದೇಶಗಳಲ್ಲಿ ಬರೀ ‘ರಾಜೀನಾಮೆ’ ಎಂದಿದ್ದರೆ ಅದನ್ನು ಪರಿಶೀಲಿಸಿ ತಿದ್ದಲು ಇಲಾಖಾ ಮುಖ್ಯಸ್ಥರಿಗೆ ಒಂದು ವರ್ಷದ ಅವಕಾಶ ಕೊಡಬೇಕು. ಕಚೇರಿಯೇ ನಾಶಪಡಿಸಿದ ಕಡತವನ್ನು ನೌಕರ ತಂದುಕೊಡಬೇಕೆಂದು ಕೇಳಬಾರದು. ಅನುಮತಿ ಪತ್ರದ ಪ್ರತಿ, ಎರಡೂ ಕಚೇರಿಗಳ ಹಾಜರಾತಿ, ಖಜಾನೆಯ ವೇತನ ದಾಖಲೆ, ಕೆಜಿಐಡಿ ಕಂತಿನ ವಿವರ ಇಷ್ಟನ್ನು ಸಾಕ್ಷ್ಯವೆಂದು ಒಪ್ಪಬೇಕು. ಇದರಿಂದ ಬೊಕ್ಕಸಕ್ಕೆ ಹೊರೆ ಎಂದು ಆರ್ಥಿಕ ಇಲಾಖೆ ಹೇಳಬಹುದು. ಆ ವರ್ಷಗಳಲ್ಲಿ ಈ ಜನರಿಂದ ದುಡಿಸಿಕೊಂಡಿದ್ದು ಹೌದೋ ಅಲ್ಲವೋ ಎಂಬುದಷ್ಟೇ ನನ್ನ ಮರುಪ್ರಶ್ನೆ.

ಆ ಹೆಣ್ಣುಮಗಳ ಪ್ರಕರಣದಲ್ಲಿ ಕಡತ ನಾಶವಾಗಿರಬಹುದು. ಅದನ್ನು ಬರೆದವನು ಇನ್ನೂ ಇದ್ದಾನೆ. ಅನುಮತಿಯ ಟಿಪ್ಪಣಿಯನ್ನು ಮಂಡಿಸಿದ್ದೂ ನಾನೇ, ಬಿಡುಗಡೆ ಆದೇಶದ ಕರಡು ಬರೆದದ್ದೂ ನಾನೇ, ನಿಯಮದ ಉಲ್ಲೇಖ ಬಿಟ್ಟಿದ್ದೂ ನಾನೇ. ಇದನ್ನು ಪ್ರಮಾಣ ಪತ್ರದ (ಅಫಿಡವಿಟ್) ಮೇಲೆ ಬರೆದು ಕೊಡಲು ಸಿದ್ಧನಿದ್ದೇನೆ. ಎಡಮೂಲೆಯ ರುಜುವನ್ನು ನನ್ನ ಇಂದಿನ ರುಜುವಿನ ಜೊತೆ ಹೋಲಿಸಿ ನೋಡಬಹುದು. ಕೈ ಸ್ವಲ್ಪ ನಡುಗುತ್ತದೆ, ಅಕ್ಷರ ಅದೇ. ಯಾವ ದಿನ, ಯಾವ ಕಚೇರಿಗೆ ಬರಬೇಕೆಂದು ಒಂದು ಸಾಲು ತಿಳಿಸಿದರೆ ಸ್ವಂತ ಖರ್ಚಿನಲ್ಲಿ ಹಾಜರಾಗುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ